ಪ್ರಶ್ನೋತ್ತರ: ಮೋಟರ್‌ಹೋಮ್‌ನ ಜೋಡಿ ಚಕ್ರಗಳಿಗೆ ಎಂಥ ವಾಲ್ವು?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿ ನೆಲೆಸಿರುವ ಕನ್ನಡಿಗರು. ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದ ಕ್ಲಾಸ್ ಸಿ ಮಾದರಿಯ ಹಳೆಯ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಗಾಡಿ) ಒಂದನ್ನು ಈಚೆಗೆ ಕೊಂಡಿದ್ದೇವೆ. ಟೈರುಗಳಿಗೆ ವಯಸ್ಸಾಗಿರುವುದರಿಂದ ಆರನ್ನೂ (ಮುಂದೆ ಎರಡು, ಹಿಂದೆ ಪ್ರತಿ ಬದಿಗೆ ಎರಡೆರಡರ ಜೋಡಿ) ಬದಲಿಸಬೇಕಾಗಿದೆ. ಹಳೆಯ ಮಾಲೀಕರು ಹಿಂದಿನ ಚಕ್ರಗಳ ವಾಲ್ವುಗಳಿಗೆ ಉಕ್ಕಿನ ತಂತಿ ಹೆಣೆದ ಮೆದು ಕೊಳವೆಗಳನ್ನು ಜೋಡಿಸಿದ್ದು, ಅವುಗಳಲ್ಲಿ ಒಂದರಿಂದ ಸದಾ ಗಾಳಿ ಸೋರುತ್ತದೆ. ಟೈರ್ ಅಂಗಡಿಯವರು ಸಾಮಾನ್ಯ ರಬ್ಬರ್ ವಾಲ್ವು ಹಾಕಿ ಅವೇ ಕೊಳವೆಗಳನ್ನು ಮತ್ತೆ ಕೂರಿಸುತ್ತೇವೆ ಎನ್ನುತ್ತಾರೆ. ಪರಿಚಯದವರೊಬ್ಬರು ಲೋಹದ ಉದ್ದ ವಾಲ್ವುಗಳನ್ನೇ ಹಾಕಿಸಿ ಎಂದು ಹೇಳುತ್ತಿದ್ದಾರೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಹಿಂದಿನ ಟೈರುಗಳಿಗೆ 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆ) ಎಂದಿದೆ. ಯಾವುದನ್ನು ಆರಿಸಿಕೊಳ್ಳಬೇಕು?
– ಓದುಗರು, ಟೆಕ್ಸಸ್

ಉತ್ತರ: ನಿಮ್ಮ ಪರಿಚಯದವರ ಮಾತನ್ನೇ ಕೇಳಿ. ಆರೂ ಚಕ್ರಗಳಿಗೆ ನಟ್ಟು ಬಿಗಿದು ಕೂರಿಸುವ ಲೋಹದ ವಾಲ್ವುಗಳನ್ನು, ಅದರಲ್ಲೂ ಹಿಂದಿನ ನಾಲ್ಕಕ್ಕೆ ಆಯಾ ಚಕ್ರದ ಸ್ಥಾನಕ್ಕೆ ಹೊಂದುವಂತೆ ಬಾಗಿಸಿದ, ನಡುವೆ ಯಾವ ಕೊಳವೆಯೂ ಇಲ್ಲದ ಅಖಂಡ ವಾಲ್ವುಗಳನ್ನು ಹಾಕಿಸಿಕೊಳ್ಳುವುದು ಸರಿಯಾದ ದಾರಿ.

ಅಂಗಡಿಯವರು ಹೇಳುತ್ತಿರುವ ಸಾಮಾನ್ಯ ರಬ್ಬರ್ ವಾಲ್ವು ನಿಮ್ಮ ಗಾಡಿಗೆ ಒಗ್ಗದಿರಲು ನೀವು ಕೊಟ್ಟಿರುವ 80 ಪಿಎಸ್‌ಐ ಎಂಬ ಒಂದು ಅಂಕಿಯೇ ಸಾಕು. ರಿಮ್ಮಿನ ತೂತಿನೊಳಗಿನಿಂದ ಎಳೆದು ಕೂರಿಸುವ, ಕಾರುಗಳಲ್ಲಿ ಎಲ್ಲೆಲ್ಲೂ ಕಾಣುವ ರಬ್ಬರ್ ವಾಲ್ವುಗಳಿಗೆ, ಅಂದರೆ ಟಿಆರ್ 413, ಟಿಆರ್ 418 ಮುಂತಾದ ಸಂಖ್ಯೆಗಳಿಂದ ಗುರುತಿಸುವ ಬಗೆಗೆ, ತಣ್ಣಗಿರುವ ಟೈರಿನಲ್ಲಿ 65 ಪಿಎಸ್‌ಐ ಎಂಬ ಮಿತಿಯಿದೆ. ನಿಮ್ಮ ಟೈರು ಗಾಡಿ ಹೊರಡುವ ಮೊದಲೇ ಆ ಮಿತಿಯನ್ನು ದಾಟಿರುತ್ತದೆ. ಬೇಸಿಗೆಯ ಹೆದ್ದಾರಿಯಲ್ಲಿ ಬಿಸಿಯೇರಿದ ಮೇಲೆ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ಟಿಆರ್ 600 ಎಚ್‌ಪಿ, ಟಿಆರ್ 602 ಎಚ್‌ಪಿ ಎಂಬ ಹೆಚ್ಚಿನ ಒತ್ತಡದ ರಬ್ಬರ್ ವಾಲ್ವುಗಳೂ ಸಿಗುತ್ತವೆ. ತಯಾರಕರನ್ನು ಅನುಸರಿಸಿ ಅವುಗಳ ಮಿತಿ 80ರಿಂದ 100 ಪಿಎಸ್‌ಐವರೆಗೆ ಇರುತ್ತದೆ. ಮುಂದಿನ ಚಕ್ರಗಳಿಗೆ, ವಾಲ್ವಿನ ತುದಿಗೆ ಬೇರೇನನ್ನೂ ಜೋಡಿಸುವುದಿಲ್ಲವೆಂದಾದರೆ, ಅವು ನಡೆಯುತ್ತವೆ. ಹಿಂದಿನ ಜೋಡಿಗೆ ನಾನು ಅವನ್ನೂ ಸೂಚಿಸುವುದಿಲ್ಲ, ಏಕೆಂದರೆ ಅಲ್ಲಿ ವಾಲ್ವನ್ನು ಕೈಗೆಟುಕುವಂತೆ ಉದ್ದಗೊಳಿಸಲೇಬೇಕಾಗುತ್ತದೆ, ಉದ್ದಗೊಳಿಸಿದೊಡನೆ ಅದರ ಭಾರವೆಲ್ಲ ರಬ್ಬರಿನ ಬುಡದ ಮೇಲೆ ಬೀಳುತ್ತದೆ. ಲೋಹದ ವಾಲ್ವುಗಳಲ್ಲಿ 200 ಪಿಎಸ್‌ಐ ತಾಳುವಂಥವು ಸುಲಭವಾಗಿ ದೊರೆಯುತ್ತವೆ. ರಬ್ಬರ್ ವಾಲ್ವು ಅಗ್ಗವೆಂಬ ಕಾರಣಕ್ಕೆ ಅದನ್ನು ಕಡೆಗಣಿಸುವಂತಿಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ: ಚೀನಾದಲ್ಲಿ ತಯಾರಾಗಿ ಅಮೆರಿಕದ ಮಾರುಕಟ್ಟೆ ಸೇರಿದ್ದ ಇಂಥ ವಾಲ್ವುಗಳು, ರಬ್ಬರಿನ ಮಿಶ್ರಣ ಓಝೋನನ್ನು ತಾಳಲಾರದೆ ಬುಡದಲ್ಲಿ ಬಿರುಕು ಬಿಡುತ್ತಿದ್ದುದು ಕಂಡುಬಂದು, 2008ರಲ್ಲಿ ದೊಡ್ಡ ಸಂಖ್ಯೆಯಲ್ಲಿ ಹಿಂದಕ್ಕೆ ಕರೆಯಲ್ಪಟ್ಟವು.

ಇನ್ನು ಹಿಂದಿನ ಚಕ್ರಗಳ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತೊಡಕೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ನಿಮ್ಮ ಗಾಡಿಯ 16 ಇಂಚಿನ ಉಕ್ಕಿನ ಚಕ್ರಗಳು ಆರೂ ಒಂದೇ ಅಚ್ಚಿನವು. ಮುಂದಿನ ಚಕ್ರದಲ್ಲಿಯೂ ಹಿಂದಿನ ಒಳಚಕ್ರದಲ್ಲಿಯೂ ಉಬ್ಬಿದ ಮುಖ ಹೊರಕ್ಕಿರುತ್ತದೆ. ಹಿಂದಿನ ಹೊರಚಕ್ರವನ್ನು ಮಾತ್ರ ಮಗುಚಿ, ತಗ್ಗಾದ ಮುಖ ಹೊರಗೆ ಬರುವಂತೆ ಕೂರಿಸುತ್ತಾರೆ. ಇದರಿಂದಾಗಿ ಮುಂದಿನ ಚಕ್ರದಲ್ಲಿ ನಮ್ಮ ಕಡೆಗೆ ಚಾಚಿರುವ ವಾಲ್ವು, ಹಿಂದಿನ ಹೊರಚಕ್ರದಲ್ಲಿ ಗಾಡಿಯ ಒಳಗಡೆಗೆ, ಎಂದರೆ ಎರಡು ಚಕ್ರಗಳ ನಡುವಿನ ಇಕ್ಕಟ್ಟಿಗೆ ಮುಖಮಾಡಿಬಿಡುತ್ತದೆ. ಒಳಚಕ್ರದ ವಾಲ್ವು ಹೊರಮುಖವಾಗಿಯೇ ಇದ್ದರೂ ಅದು ಹೊರಚಕ್ರದ ಹಿಂದೆ ಅಡಗಿರುತ್ತದೆ. ಆದ್ದರಿಂದ ಒಳಚಕ್ರಕ್ಕೆ ಹೊರಚಕ್ರದ ಕೈತೂತಿನ (ಚಕ್ರದ ಮುಖದಲ್ಲಿರುವ ದೊಡ್ಡ ರಂಧ್ರದ) ಮೂಲಕ ಈಚೆಗೆ ಬರುವಷ್ಟು ಉದ್ದವಾದ ವಾಲ್ವು ಬೇಕು, ಹೊರಚಕ್ರಕ್ಕೆ ಬುಡದಲ್ಲೇ ಹಿಂದಕ್ಕೆ ಹೊರಳಿ ಅದೇ ಬಗೆಯ ಕೈತೂತಿನಿಂದ ತಲೆ ತೋರಿಸುವ ಬಾಗಿದ ವಾಲ್ವು ಬೇಕು. ಜೋಡಿ ಚಕ್ರಗಳಿಗೆಂದೇ ಮಾರುವ ಲೋಹದ ವಾಲ್ವುಗಳ ಕಟ್ಟಿನಲ್ಲಿ ಈ ಎರಡು ಬಗೆಗಳೂ ಇರುತ್ತವೆ. ಚಕ್ರದ ಅಳತೆ, ಅದು ಉಕ್ಕಿನದೋ ಅಲ್ಯುಮಿನಿಯಂನದೋ, ಮೇಲೆ ಅಲಂಕಾರದ ಸ್ಟೀಲ್ ಮುಚ್ಚಳವಿದೆಯೋ ಇಲ್ಲವೋ ಎಂಬುದನ್ನೆಲ್ಲ ತಿಳಿಸಿ ಕಟ್ಟನ್ನು ಮೊದಲೇ ತರಿಸಿಟ್ಟುಕೊಳ್ಳಬೇಕು. ಕಾರುಗಳ ಕೆಲಸವನ್ನೇ ಹೆಚ್ಚಾಗಿ ಮಾಡುವ ಟೈರ್ ಅಂಗಡಿಗಳಲ್ಲಿ ಇವು ದಾಸ್ತಾನಿರುವುದಿಲ್ಲ, ಮತ್ತು ಟೈರುಗಳನ್ನು ಬಿಚ್ಚಿ ಹರಡಿದ ಮೇಲೆ ಇರುವುದನ್ನೇ ಹಾಕಿ ಕಳಿಸುವುದು ಅಂಗಡಿಗಳ ವಾಡಿಕೆ.

ಮೆದು ಕೊಳವೆಗಳ ವಿಷಯಕ್ಕೆ ಬರೋಣ. ಇವುಗಳನ್ನು ಮಾರುವವರು ತೀರ ಸುಳ್ಳೇನೂ ಹೇಳುವುದಿಲ್ಲ. ಟೈರು ಬಿಚ್ಚದೆಯೇ ಜೋಡಿಸಬಹುದು, ಕೈಗೆ ಸುಲಭವಾಗಿ ಎಟುಕುತ್ತವೆ. ಆದರೆ ಕೊಳವೆಯನ್ನು ತಿರುಪಿ ಕೂರಿಸಿದಾಗ ಅದು ಮೂಲ ವಾಲ್ವಿನ ಪಿನ್ನನ್ನು, ಎಂದರೆ ಗಾಳಿ ಹೊರಬರದಂತೆ ತಡೆಯುವ ಒಳಭಾಗವನ್ನು, ಸದಾ ಒತ್ತಿಹಿಡಿದಿರುತ್ತದೆ, ಅಥವಾ ಆ ಪಿನ್ನನ್ನೇ ತೆಗೆದು ಕೊಳವೆ ಹಾಕಿರುತ್ತಾರೆ. ಎರಡರಲ್ಲಿ ಯಾವುದಾದರೂ ಟೈರಿನ ಗಾಳಿಯನ್ನು ಹಿಡಿದಿಡುವ ಹೊಣೆ ರಿಮ್ಮಿನಿಂದ ದೂರದಲ್ಲಿರುವ ಕೊಳವೆಯ ತುದಿಗೆ ವರ್ಗವಾಗುತ್ತದೆ. ಅಲ್ಲಿಂದ ಮುಂದೆ ಕೊಳವೆಯ ಬುಡದ ಸೀಲು, ಒಳಗಿನ ರಬ್ಬರ್ ನಳಿಕೆ, ತುದಿಯ ಪಿನ್ನು ಈ ಮೂರರಲ್ಲಿ ಯಾವುದು ಸೋತರೂ ಟೈರು ಖಾಲಿ. ಕೊಳವೆಯ ತುದಿಯನ್ನು ಹಿಡಿದಿಡುವ ಪಟ್ಟಿ ಸಡಿಲಾದರೆ ಅದು ಪ್ರತಿ ಸುತ್ತಿಗೂ ಅಲುಗಾಡಿ ಕೈತೂತಿನ ಅಂಚಿಗೆ ಉಜ್ಜುತ್ತದೆ. ಅಲಂಕಾರದ ಮುಚ್ಚಳಕ್ಕೆ ತುದಿಯನ್ನು ಕಟ್ಟಿದ್ದರಂತೂ ಮುಚ್ಚಳ ಸ್ವಲ್ಪ ಸರಿದರೂ ಎಳೆತ ವಾಲ್ವಿನ ಬುಡಕ್ಕೆ ತಲುಪುತ್ತದೆ. ಉಕ್ಕಿನ ಹೆಣಿಗೆ ಹೊರಗಿನ ಉಜ್ಜಾಟದಿಂದ ತಕ್ಕಮಟ್ಟಿಗೆ ಕಾಪಾಡೀತು, ಒಳಗಿನ ರಬ್ಬರು ಹಳತಾಗುವುದನ್ನು ತಡೆಯದು. ನಿಮ್ಮಲ್ಲಿ ಸೋರುತ್ತಿರುವ ಕೊಳವೆಯಲ್ಲಿ ಈ ದೋಷಗಳಲ್ಲಿ ಯಾವುದಿದೆಯೆಂದು ಹುಡುಕುವ ಗೋಜಿಗೇ ಹೋಗಬೇಡಿ, ನಾಲ್ಕನ್ನೂ ತೆಗೆದುಬಿಡಿ.

ಇಷ್ಟೊಂದು ಎಚ್ಚರ ಏಕೆಂದರೆ, ಜೋಡಿ ಚಕ್ರಗಳಲ್ಲಿ ಒಂದು ಟೈರು ಗಾಳಿ ಕಳೆದುಕೊಂಡದ್ದು ಹೊರನೋಟಕ್ಕೆ ತಿಳಿಯುವುದಿಲ್ಲ. ಪಕ್ಕದ ಟೈರು ಗಾಡಿಯನ್ನು ಎತ್ತಿಹಿಡಿದಿರುತ್ತದೆ, ಸ್ಟಿಯರಿಂಗ್ ಒಂದು ಪಕ್ಕಕ್ಕೆ ಎಳೆಯುವುದಿಲ್ಲ, ಗಾಡಿ ವಾಲುವುದಿಲ್ಲ. ನಿಮ್ಮ ಗಾಡಿಯಲ್ಲಿರುವುದು ಆ ಚಾಸಿಸ್‌ಗೆ ಸಾಮಾನ್ಯವಾದ ಎಲ್‌ಟಿ 225/75 ಆರ್ 16, ಲೋಡ್ ರೇಂಜ್ ಇ (ಭಾರ ಹೊರುವ ದರ್ಜೆ) ಟೈರಾದರೆ, 80 ಪಿಎಸ್‌ಐ ಒತ್ತಡದಲ್ಲಿ ಅದು ಒಂಟಿಯಾಗಿ ಹೊರಬಲ್ಲದ್ದು 2,680 ಪೌಂಡು, ಎಂದರೆ 1,215 ಕಿಲೋ; ಜೋಡಿಯಲ್ಲಿದ್ದಾಗ ತಲಾ 2,470 ಪೌಂಡು. ನಾಲ್ಕೂ ಸೇರಿ 9,880 ಪೌಂಡು ಆಯಿತು. ಇ-450ರ ಹಿಂದಿನ ಆಕ್ಸಲ್‌ಗೆ ನಿಗದಿಯಾದ ಭಾರವೇ ಸುಮಾರು 9,500 ಪೌಂಡು. ನೀರಿನ ಟ್ಯಾಂಕು, ಅಡುಗೆಯ ಸಾಮಾನು, ಮಂಚ, ಜನರೇಟರು ಎಲ್ಲ ತುಂಬಿದ ಗಾಡಿಯಲ್ಲಿ ಉಳಿಯುವ ಅಂತರ ಬಹಳ ಕಡಿಮೆ. ಒಳಟೈರು ಸೋತಾಗ ಹೊರಟೈರಿನ ಮೇಲೆ ಎರಡರ ಭಾರವೂ ಬೀಳುತ್ತದೆ ಎಂಬುದನ್ನು ಈ ಅಂಕಿಗಳೊಂದಿಗೆ ಇಟ್ಟು ನೋಡಿ. ಭಾರದ ವಾಹನಗಳ ಟೈರುಗಳ ವಿಷಯದಲ್ಲಿ, ನಿಗದಿತ ಒತ್ತಡಕ್ಕಿಂತ ಶೇಕಡಾ 20ರಷ್ಟು ಕಡಿಮೆ ಗಾಳಿಯಲ್ಲಿ ಓಡಿದ ಟೈರನ್ನು ಗಾಳಿಯಿಲ್ಲದೆ ಓಡಿದ ಟೈರೆಂದೇ ಪರಿಗಣಿಸಿ, ರಿಮ್ಮಿನಿಂದ ಬಿಚ್ಚಿ ಒಳಗೋಡೆಯನ್ನು ಪರೀಕ್ಷಿಸಬೇಕೆಂಬುದು ಆ ಉದ್ಯಮದಲ್ಲಿ ಒಪ್ಪಿತವಾದ ನಿಯಮ. 80ಕ್ಕೆ ಶೇಕಡಾ 20 ಕಡಿಮೆಯೆಂದರೆ 64. ಸೋರುವ ಕೊಳವೆಯಿರುವ ನಿಮ್ಮ ಟೈರು ಆ ಮಟ್ಟಕ್ಕೆ ಇಳಿದು ಓಡಿರುವ ಸಂಭವವಿರುವುದರಿಂದ, ಹಳೆಯ ಟೈರುಗಳಲ್ಲಿ ಒಂದನ್ನು ಸ್ಟೆಪ್ನಿಯಾಗಿ ಇಟ್ಟುಕೊಳ್ಳುವ ಯೋಚನೆಯಿದ್ದರೆ ಅದನ್ನು ಬಿಟ್ಟುಬಿಡಿ.

ಕೆಲಸ ಮಾಡಿಸುವಾಗ ನೀವು ಅಂಗಡಿಯಲ್ಲಿ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ರಿಮ್ಮಿನ ವಾಲ್ವ್ ತೂತು 0.453 ಇಂಚಿನದಿರಬಹುದು, 0.625 ಇಂಚಿನದಿರಬಹುದು, ವಾಲ್ವಿನ ಬುಡದ ರಬ್ಬರ್ ಬಿಲ್ಲೆ ತೂತಿಗೆ ತಕ್ಕುದಾಗಿರಬೇಕು. ತೂತಿನ ಸುತ್ತಲಿನ ತುಕ್ಕನ್ನೂ ಸಿಪ್ಪೆಯೆದ್ದ ಬಣ್ಣವನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯದಿದ್ದರೆ ಎಂಥ ದುಬಾರಿ ವಾಲ್ವಾದರೂ ಸೋರುತ್ತದೆ. ನಟ್ಟನ್ನು ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಯಬೇಕೇ ಹೊರತು ಕೈಬಲದ ಅಂದಾಜಿಗಲ್ಲ, ಏಕೆಂದರೆ ಅತಿಯಾಗಿ ಬಿಗಿದರೆ ಬಿಲ್ಲೆ ಹಿಸುಕಿ ಹರಿಯುತ್ತದೆ. ಜೋಡಿಯನ್ನು ಹಬ್ಬಿಗೆ ಏರಿಸುವಾಗ ಒಳಚಕ್ರದ ವಾಲ್ವು ಒಂದು ಕೈತೂತಿನಲ್ಲಿ, ಹೊರಚಕ್ರದ್ದು ಅದಕ್ಕೆ ನೇರ ಎದುರಿನ ಕೈತೂತಿನಲ್ಲಿ ಬರುವಂತೆ ಕೂರಿಸಲು ಹೇಳಿ. ಎರಡನ್ನೂ ಒಂದೇ ತೂತಿಗೆ ತುರುಕಿದರೆ ಗೇಜಿನ ಬಾಯಿ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಜಾಕಿ ಇಳಿಸುವ ಮೊದಲು ಗೇಜನ್ನು ನಾಲ್ಕೂ ವಾಲ್ವುಗಳಿಗೆ ನೀವೇ ಹಿಡಿದು ನೋಡಿ, ವಾಲ್ವು ಕೈತೂತಿನ ಅಂಚಿಗಾಗಲಿ ಮುಚ್ಚಳಕ್ಕಾಗಲಿ ತಗಲುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಗೇಜು ಕೂಡ ಲಾರಿಗಳಿಗೆ ಬಳಸುವ, ಮುಂದಕ್ಕೂ ಹಿಂದಕ್ಕೂ ಎರಡು ಬಾಯಿಗಳಿರುವ ಉದ್ದ ಹಿಡಿಯದ್ದಾಗಿರಲಿ. ಇದು ವಾಲ್ವಿನ ವಿಷಯವಲ್ಲದಿದ್ದರೂ ಹೇಳಿಬಿಡುತ್ತೇನೆ: ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಮೈಲಿಯೊಳಗೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಬಿಗಿಸಲೇಬೇಕು.

ಪ್ರಶ್ನೆ: ನಮ್ಮ ಮೋಟರ್‌ಹೋಮ್‌ನಲ್ಲಿ ಕಂಪನಿಯಿಂದ ಟೈರ್ ಒತ್ತಡ ತಿಳಿಸುವ ವ್ಯವಸ್ಥೆ ಬಂದಿಲ್ಲ. ನಮ್ಮ ಚಿಕ್ಕ ಕಾರಿನಲ್ಲಿಯೂ ಇರುವ ಈ ಸೌಲಭ್ಯ ಇಷ್ಟು ದೊಡ್ಡ ಗಾಡಿಯಲ್ಲಿ ಇಲ್ಲವೇಕೆ? ವಾಲ್ವಿನ ತುದಿಗೆ ತಿರುಪುವ ಸೆನ್ಸರ್‌ಗಳನ್ನು ಕೊಂಡರೆ ಈಗಿರುವ ರಬ್ಬರ್ ವಾಲ್ವುಗಳು ಸಾಕೆ?
– ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಅಮೆರಿಕದಲ್ಲಿ ಈ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದ ಸುರಕ್ಷತಾ ಮಾನಕದ ಸಂಖ್ಯೆ 138. ಅದು 2005ರಿಂದ ಹಂತಹಂತವಾಗಿ ಜಾರಿಗೆ ಬಂದು, 2007ರ ಸೆಪ್ಟೆಂಬರ್ ನಂತರ ತಯಾರಾದ ಹಗುರ ವಾಹನಗಳಿಗೆಲ್ಲ ಅನ್ವಯವಾಯಿತು. ಆದರೆ ತುಂಬಿದ ತೂಕದ ಮಿತಿ 10,000 ಪೌಂಡಿಗಿಂತ ಹೆಚ್ಚಿರುವ ವಾಹನಗಳನ್ನೂ, ಆಕ್ಸಲ್‌ನಲ್ಲಿ ಜೋಡಿ ಚಕ್ರಗಳಿರುವ ವಾಹನಗಳನ್ನೂ ಆ ಮಾನಕ ಹೊರಗಿಟ್ಟಿದೆ. ಕಣ್ಣಿಗೆ ಕಾಣದ ಒಳಟೈರು ಇರುವ ಗಾಡಿಗೇ ಕಡ್ಡಾಯವಿಲ್ಲವೆಂಬುದು ನನಗೆ ಸರಿಕಾಣುವುದಿಲ್ಲ. ಅದೇನೇ ಇರಲಿ, ನಿಮ್ಮಂಥ ಮಾಲೀಕರು ಹೊರಗಿನಿಂದ ಕೊಂಡು ಹಾಕಿಸಿಕೊಳ್ಳುವುದು ಅನಿವಾರ್ಯವಾಗಿದೆ.

ರಬ್ಬರ್ ವಾಲ್ವುಗಳ ಮೇಲೆ ಆ ಸೆನ್ಸರ್‌ಗಳನ್ನು ಹಾಕಬೇಡಿ. ಗಂಟೆಗೆ 65 ಮೈಲಿ, ಎಂದರೆ ಸುಮಾರು 105 ಕಿಲೋಮೀಟರ್ ವೇಗದಲ್ಲಿ 16 ಇಂಚಿನ ರಿಮ್ಮಿನ ವಾಲ್ವಿನ ಬಳಿ ಉಂಟಾಗುವ ಕೇಂದ್ರಾಪಗಾಮಿ ಸೆಳೆತ ಗುರುತ್ವಾಕರ್ಷಣೆಯ 120 ಪಟ್ಟಿಗೂ ಹೆಚ್ಚು. 15 ಗ್ರಾಮಿನ ಸೆನ್ಸರು ಆಗ ಹತ್ತಿರಹತ್ತಿರ 2 ಕಿಲೋ ತೂಕದ್ದಾಗಿ ವಾಲ್ವನ್ನು ರಿಮ್ಮಿನ ಕಡೆಗೆ ಬಾಗಿಸುತ್ತದೆ, ಗಾಡಿ ನಿಂತಾಗ ವಾಲ್ವು ಮತ್ತೆ ನೆಟ್ಟಗಾಗುತ್ತದೆ. ಹೀಗೆ ಬಾಗಿ ನೆಟ್ಟಗಾಗುವ ಆಟದಲ್ಲಿ ರಬ್ಬರಿನ ಬುಡ ಬಿರುಕು ಬಿಡುವುದು ಕಾಲದ ಪ್ರಶ್ನೆ ಮಾತ್ರ, ಅದು ಬಿಟ್ಟಾಗ ಗಾಳಿ ನಿಧಾನವಾಗಿ ಅಲ್ಲ, ಒಮ್ಮೆಲೇ ಹೋಗುತ್ತದೆ. ಲೋಹದ ವಾಲ್ವು ಹಾಕಿಸಿದ ಮೇಲೆಯೇ ಸೆನ್ಸರು ಕೊಳ್ಳಿ. ಸೆನ್ಸರು ತೆಗೆಯದೆಯೇ ಗಾಳಿ ತುಂಬಲು ಬರುವ ಬಗೆ ಮುಚ್ಚಳದಂತಿರುವ ಚಿಕ್ಕ ಸೆನ್ಸರಿಗಿಂತ ಉದ್ದವೂ ಭಾರವೂ ಆಗಿರುತ್ತದೆ. ಒಳಚಕ್ರದ ಉದ್ದ ವಾಲ್ವಿಗೆ ನಾನು ಚಿಕ್ಕದನ್ನೇ ಆರಿಸುತ್ತೇನೆ.

ಇನ್ನೊಂದು ಮಾತು. ಅಲ್ಯುಮಿನಿಯಂ ವಾಲ್ವಿನ ಮೇಲೆ ಹಿತ್ತಾಳೆಯ ತಿರುಪುಳ್ಳ ಸೆನ್ಸರನ್ನಾಗಲಿ ಮುಚ್ಚಳವನ್ನಾಗಲಿ ಬಹುಕಾಲ ಬಿಟ್ಟರೆ, ವಿಶೇಷವಾಗಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ, ಎರಡು ಲೋಹಗಳ ನಡುವೆ ತುಕ್ಕಿನಂಥ ಕೊರೆತ ಹುಟ್ಟಿ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಲವಂತವಾಗಿ ತಿರುಗಿಸಿದಾಗ ಮುರಿಯುವುದು ವಾಲ್ವೇ. ಹಿತ್ತಾಳೆಯ ವಾಲ್ವಿಗೆ ಹಿತ್ತಾಳೆಯದು, ಅಲ್ಯುಮಿನಿಯಂ ವಾಲ್ವಿಗೆ ಪ್ಲಾಸ್ಟಿಕ್ಕಿನದು ಅಥವಾ ಅಲ್ಯುಮಿನಿಯಂನದು ಸರಿ.

ಪ್ರಶ್ನೆ: ನಮ್ಮದು 22.5 ಇಂಚಿನ ಅಲ್ಯುಮಿನಿಯಂ ಚಕ್ರಗಳಿರುವ ದೊಡ್ಡ ಡೀಸೆಲ್ ಮೋಟರ್‌ಹೋಮ್. ಇದಕ್ಕೂ ಇದೇ ಸಲಹೆಯೇ?
– ಓದುಗರು, ಫ್ಲಾರಿಡಾ

ಉತ್ತರ: ನಿಮಗೆ ರಬ್ಬರ್ ವಾಲ್ವಿನ ಚಿಂತೆಯೇ ಇಲ್ಲ, ಆ ಅಳತೆಯ ಚಕ್ರಗಳಿಗೆ ಲಾರಿ, ಬಸ್ಸುಗಳಂತೆ ನಟ್ಟಿನ ಲೋಹದ ವಾಲ್ವುಗಳೇ ಬರುತ್ತವೆ. ಉಕ್ಕಿನ ಚಕ್ರಕ್ಕೆ ಟಿಆರ್ 570 ಸರಣಿಯೂ, 9.7 ಮಿಲಿಮೀಟರ್ ತೂತಿರುವ ಅಲ್ಯುಮಿನಿಯಂ ಚಕ್ರಕ್ಕೆ ನಿಕ್ಕಲ್ ಲೇಪದ ಟಿಆರ್ 540 ಸರಣಿಯೂ ರೂಢಿಯಲ್ಲಿವೆ, ಒಂದರ ಬದಲು ಇನ್ನೊಂದು ಹೊಂದುವುದಿಲ್ಲ. ನೀವು ಗಮನಿಸಬೇಕಾದದ್ದು ಒಳಚಕ್ರ ಮಾತ್ರ. ಅದರ ಉದ್ದ ವಾಲ್ವು ಹೊರಚಕ್ರದ ಕೈತೂತಿನಲ್ಲಿ ಅಲುಗಾಡದಂತೆ ಹಿಡಿದಿಡುವ ರಬ್ಬರ್ ಅಥವಾ ಪ್ಲಾಸ್ಟಿಕ್ ಆಸರೆ ಅಲ್ಲಿರಬೇಕು. ಟೈರು ಬದಲಿಸುವಾಗ ಇದನ್ನು ಕಳಚಿಟ್ಟು ಮರೆಯುವುದು ಬಹಳ ಸಾಮಾನ್ಯ.

ಪ್ರಶ್ನೆ: ನಮ್ಮ ತಂದೆ ಹುಬ್ಬಳ್ಳಿಯಲ್ಲಿ ಲಾರಿ ಓಡಿಸುತ್ತಿದ್ದರು. ಜೋಡಿ ಟೈರುಗಳನ್ನು ಕಬ್ಬಿಣದ ಸಲಾಕೆಯಿಂದ ಬಡಿದು, ಸದ್ದಿನ ಮೇಲೆ ಗಾಳಿಯ ಮಟ್ಟ ಹೇಳುತ್ತಿದ್ದರು. ಅಮೆರಿಕದ ಟ್ರಕ್ಕಿನವರೂ ಹೀಗೆ ಮಾಡುವುದನ್ನು ನೋಡಿದ್ದೇನೆ. ಇಷ್ಟು ಸುಲಭದ ಪರೀಕ್ಷೆಯಿರುವಾಗ ವಾಲ್ವಿಗಾಗಿ ಇಷ್ಟು ಖರ್ಚು ಬೇಕೆ?
– ಓದುಗರು, ನ್ಯೂಜೆರ್ಸಿ

ಉತ್ತರ: ಸಲಾಕೆಯ ಪೆಟ್ಟು ಒಂದು ಪ್ರಶ್ನೆಗೆ ಮಾತ್ರ ನಂಬಿಕೆಯ ಉತ್ತರ ಕೊಡುತ್ತದೆ: ಟೈರು ಪೂರ್ತಿ ಚಪ್ಪಟೆಯಾಗಿದೆಯೇ ಇಲ್ಲವೇ ಎಂಬುದಕ್ಕೆ. ದಿನವೂ ಅದೇ ಗಾಡಿಯ ಅದೇ ಟೈರುಗಳನ್ನು ಬಡಿಯುತ್ತಿದ್ದ ನಿಮ್ಮ ತಂದೆಯವರ ಕಿವಿ ಇನ್ನೂ ಸೂಕ್ಷ್ಮವಾಗಿದ್ದಿರಬಹುದು, ಅದರಲ್ಲಿ ಅನುಮಾನವಿಲ್ಲ. ಆದರೆ 80ಕ್ಕೂ 60ಕ್ಕೂ ಇರುವ ಅಂತರವನ್ನು ಸದ್ದಿನಿಂದ ಹೇಳುವುದು ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಗಾಡಿ ಹೊರತೆಗೆಯುವವರಿಂದ ಆಗದ ಕೆಲಸ, ಮತ್ತು ಟೈರು ಕೆಡುವುದು ಸರಿಯಾಗಿ ಆ ನಡುವಿನ ಅಂತರದಲ್ಲಿಯೇ. ಜೋಡಿಯ ಎರಡು ಟೈರುಗಳ ನಡುವೆ 5 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸವಿರಬಾರದೆಂಬ ಸೂತ್ರವನ್ನು ಯಾವ ಸಲಾಕೆಯೂ ಪಾಲಿಸಲಾರದು. ಗೇಜು ಹಚ್ಚುವುದು ತೊಡಕಾದುದರಿಂದಲೇ ಜನ ಸಲಾಕೆ ಹಿಡಿದದ್ದು. ವಾಲ್ವು ಕೈಗೆಟುಕುವಂತಿದ್ದರೆ ಗೇಜಿಗೆ ಹಿಡಿಯುವ ಹೊತ್ತು ಸಲಾಕೆ ಬಡಿಯುವುದಕ್ಕಿಂತ ಹೆಚ್ಚೇನೂ ಅಲ್ಲ.

ಪ್ರಶ್ನೆ: ಲೋಹದ ವಾಲ್ವು ಹಾಕಿಸಿದ ಮೇಲೂ ಒಂದು ಟೈರಿನಲ್ಲಿ ಗಾಳಿ ಇಳಿಯುತ್ತಿದೆ. ವಾಲ್ವಿನದೇ ದೋಷವೆಂದು ತಿಳಿಯುವುದು ಹೇಗೆ?
– ಓದುಗರು, ಇಲಿನಾಯ್

ಉತ್ತರ: ಮೊದಲು ಋತುವನ್ನು ಲೆಕ್ಕಕ್ಕೆ ಹಿಡಿಯಿರಿ. 80 ಪಿಎಸ್‌ಐ ತುಂಬಿದ ಟೈರಿನಲ್ಲಿ ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗ ಒತ್ತಡ ಹೆಚ್ಚುಕಡಿಮೆ 2 ಪಿಎಸ್‌ಐ ಇಳಿಯುತ್ತದೆ. ಶರತ್ಕಾಲದಲ್ಲಿ ನಿಲ್ಲಿಸಿದ ಗಾಡಿಯನ್ನು ಇಲಿನಾಯ್‌ನ ಜನವರಿಯಲ್ಲಿ ಅಳೆದರೆ ಸೋರಿಕೆಯಿಲ್ಲದೆಯೂ ಕೊರತೆ ಕಾಣುವುದು ಸಹಜ. ಆರೂ ಟೈರುಗಳಲ್ಲಿ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಚಳಿಯೇ ಕಾರಣ, ಒಂದರಲ್ಲಿ ಮಾತ್ರವಾದರೆ ಮುಂದಕ್ಕೆ ಹುಡುಕಬೇಕು.

ಸಾಬೂನಿನ ನೀರನ್ನು ವಾಲ್ವಿನ ಬಾಯಿಗೆ ಹಚ್ಚಿ ನೋಡಿ. ಅಲ್ಲಿ ಗುಳ್ಳೆಯೆದ್ದರೆ ಪಿನ್ನು ಸಡಿಲಾಗಿದೆ ಅಥವಾ ಅದರಲ್ಲಿ ಕಸ ಕೂತಿದೆ. ಪಿನ್ನನ್ನು ಬಿಗಿಯಲು ಬೇಕಾದ ಬಲ 3ರಿಂದ 5 ಇಂಚು-ಪೌಂಡು ಮಾತ್ರ, ಎರಡು ಬೆರಳಿನ ಹಿಡಿತದಷ್ಟು. ಬಿಗಿದರೂ ನಿಲ್ಲದಿದ್ದರೆ ಪಿನ್ನನ್ನೇ ಬದಲಿಸಿ. ಬಾಯಿಯಲ್ಲಿ ಗುಳ್ಳೆಯಿಲ್ಲದೆ ಬುಡದಲ್ಲಿ, ರಿಮ್ಮು ಸೇರುವ ಕಡೆ ಕಂಡರೆ ರಬ್ಬರ್ ಬಿಲ್ಲೆ ಕುಗ್ಗಿರುತ್ತದೆ. ಹೊಸ ಬಿಲ್ಲೆಗಳು ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಅಮರಿಕೊಳ್ಳುವುದುಂಟು, ಅಂಥಲ್ಲಿ ನಟ್ಟನ್ನು ನಿಗದಿತ ಟಾರ್ಕ್‌ಗೆ ಇನ್ನೊಮ್ಮೆ ಬಿಗಿಸಿದರೆ ಸೋರಿಕೆ ನಿಲ್ಲುತ್ತದೆ. ಹಳೆಯ ಬಿಲ್ಲೆಯಾದರೆ ಟೈರು ಬಿಚ್ಚಿ ಬದಲಿಸದೆ ವಿಧಿಯಿಲ್ಲ. ಟೈರು ಬದಲಿಸಿದಾಗಲೆಲ್ಲ, ವಾಲ್ವು ಗಟ್ಟಿಯಾಗಿ ಕಂಡರೂ, ಬಿಲ್ಲೆಯನ್ನೂ ಪಿನ್ನನ್ನೂ ಹೊಸತಾಗಿ ಹಾಕಿಸುವುದು ವಾಡಿಕೆಯಾಗಬೇಕು. ಗುಳ್ಳೆ ಹುಡುಕುವಾಗ ತೆಗೆದ ಮುಚ್ಚಳವನ್ನು, ಒಳಗೆ ರಬ್ಬರ್ ಉಂಗುರವಿರುವ ಲೋಹದ್ದಾದರೆ, ಮರೆಯದೆ ತಿರುಗಿ ಹಾಕಿ. ಅದು ದೂಳನ್ನು ತಡೆಯುವುದರ ಜೊತೆಗೆ, ಪಿನ್ನು ಸೋತಾಗ ಗಾಳಿಯನ್ನು ಹಿಡಿಯುವ ಎರಡನೆಯ ಸೀಲೂ ಹೌದು.